ಊರೇ ಕೊಂಡ ಪಬ್

ರಿಚ್ಮಂಡ್, ಉತ್ತರ ಯಾರ್ಕ್‌ಶೈರ್

ಅಣ್ಣ,

ನಾವಿಬ್ಬರೂ ಮಗಳು-ಅಳಿಯನ ಜೊತೆ ಕ್ಷೇಮವಾಗಿದ್ದೇವೆ. ವೈನಿಯ ಮಂಡಿನೋವು ಇಳಿದಿದೆ ಎಂದು ಕೇಳಿ ಸಮಾಧಾನವಾಯಿತು. ಫೋನಿನಲ್ಲಿ ದಿನಾ ಮಾತಾಡುತ್ತೇವೆ, ನಿಜ. ಆದರೆ ನಿನ್ನೆ ನೋಡಿ ಬಂದದ್ದನ್ನು ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಅರ್ಧ ಬಿಡುತ್ತೀ. ನಮ್ಮೂರ ಸಹಕಾರಿ ಸೊಸೈಟಿಯ ಡೈರೆಕ್ಟರ್ ಆದ ನೀನು ಇದನ್ನು ಪೂರ್ತಿ ಓದಬೇಕು, ಅದಕ್ಕೇ ಪತ್ರ. ನಾವು ಹೋಗಿದ್ದು ಒಂದು ಹಳ್ಳಿಯ ಪಬ್ಬಿಗೆ. ಮಾಲೀಕರು ಯಾರು ಅಂದರೆ, ಆ ಹಳ್ಳಿಯ ಜನರೇ.

ಲೀಡ್ಸಿನಿಂದ ಡಾರ್ಲಿಂಗ್ಟನ್‌ವರೆಗೆ ರೈಲು, ಅಲ್ಲಿಂದ ಬಸ್ಸಿನಲ್ಲಿ ರಿಚ್ಮಂಡ್. ಸ್ವೇಲ್ ಎಂಬ ನದಿಯ ಮೇಲಿನ ಬಂಡೆಯ ತುದಿಗೆ ನಾರ್ಮನ್ನರು ಕಟ್ಟಿದ ಕೋಟೆ, ಕೋಟೆಯ ಬಗಲಿಗೇ ಕಲ್ಲು ಹಾಸಿದ ಇಳಿಜಾರು ಸಂತೆ ಮೈದಾನ. ರಿಚ್ಮಂಡ್ ಎಂಬ ಹೆಸರು ನಮ್ಮ ಕಡೆಯವರ ಕಿವಿಗೂ ಬಿದ್ದದ್ದೇ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ರಿಷಿ ಸುನಕ್ 2015ರಲ್ಲಿ ಮೊದಲ ಬಾರಿ ಪಾರ್ಲಿಮೆಂಟಿಗೆ ಆರಿಸಿ ಹೋದದ್ದು ಇದೇ ಸೀಮೆಯಿಂದ. ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿಯ ಗಂಡ. ಅವರು ಮದ್ಯ ಮುಟ್ಟುವವರಲ್ಲ, ಆದರೂ ಈ ಸುತ್ತಿನ ಸೀಮೆ ಒಳ್ಳೆಯ ಬಿಯರಿಗೆ ಹೆಸರಾದದ್ದು. ಇಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರದ ಮ್ಯಾಶಮ್ ಎಂಬ ಪುಟ್ಟ ಪೇಟೆಯೊಂದರಲ್ಲೇ ಎರಡು ಹೆಸರಾಂತ ಬ್ರೂವರಿಗಳು ಹುಟ್ಟಿವೆ. ಥೀಕ್‌ಸ್ಟನ್ 1827ರದು. ಅದು ಕೈಬದಲಾಗಿ ದೊಡ್ಡ ಕಂಪನಿಯ ಪಾಲಾದಾಗ ಅದೇ ಮನೆತನದ ಪಾಲ್ ಥೀಕ್‌ಸ್ಟನ್ ಹೊರಬಂದು 1992ರಲ್ಲಿ ಅದೇ ಊರಲ್ಲಿ ಬ್ಲ್ಯಾಕ್ ಶೀಪ್ ಎಂಬ ಇನ್ನೊಂದನ್ನು ಕಟ್ಟಿದರು. 2003ರಲ್ಲಿ ಮನೆತನದವರು ಹಳೆಯ ಬ್ರೂವರಿಯನ್ನೂ ಮರಳಿ ಕೊಂಡರು.

ಹಡ್ಸ್‌ವೆಲ್ ಎಂಬ ಆ ಪಬ್ಬಿನ ಹಳ್ಳಿ ರಿಚ್ಮಂಡಿನಿಂದ ಎರಡು ಮೈಲಿ. ಕಾರು ಬೇಡವೆಂದು ನಡೆದೇ ಹೊರಟೆವು. ನದಿಯ ದಂಡೆ ಹಿಡಿದು ಕಾಡಿನೊಳಗೆ ಹೊಕ್ಕು, ಮೆಟ್ಟಿಲು ಹತ್ತಿ ಮೇಲೆ ಬಂದರೆ ಕುರಿ ಮೇಯುವ ಹೊಲಗಳು. ಹೊಲಕ್ಕೊಂದು ಕಲ್ಲಿನ ಗೋಡೆ. ಗಾರೆಯಿಲ್ಲ, ಮಣ್ಣಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು ಕೂಡಿಸಿದ್ದು. ಕರಿ ಮುಖ, ಬಿಳಿ ಮೂತಿಯ ಸ್ವೇಲ್‌ಡೇಲ್ ಕುರಿಗಳು ತಲೆ ಎತ್ತಿ ನೋಡಿ ಮತ್ತೆ ಮೇಯುತ್ತಿದ್ದವು. ರಸ್ತೆಯ ಎರಡೂ ಬದಿಗೆ ಕಲ್ಲಿನ ಮನೆಗಳ ಸಾಲು, ಅಷ್ಟೇ ಊರು. ಆ ಸಾಲಿನಲ್ಲೇ ರಸ್ತೆಗೆ ಮುಖ ಮಾಡಿ ನಿಂತಿದೆ 'ಜಾರ್ಜ್ ಅಂಡ್ ಡ್ರ್ಯಾಗನ್'.

ಬಾಗಿಲು ತಗ್ಗು, ಸೂರು ತಗ್ಗು. ಒಳಗೆ ಒಲೆಯಲ್ಲಿ ಕಟ್ಟಿಗೆ ಉರಿಯುತ್ತಿತ್ತು. ಒಂದು ಮೂಲೆಯಲ್ಲಿ ಇಬ್ಬರು ಮುದುಕರು ಡಾಮಿನೋ ಆಡುತ್ತಿದ್ದರು, ಅವರ ಕಾಲಡಿ ಒದ್ದೆ ನಾಯಿಯೊಂದು ಮಲಗಿತ್ತು. ಕಿಟಕಿಯ ಹತ್ತಿರ ತಾಯಿ ಸೂಪ್ ಕುಡಿಯುತ್ತಿದ್ದರೆ ಮಗು ಬಣ್ಣ ಹಚ್ಚುತ್ತಾ ಕೂತಿತ್ತು. ನನ್ನ ಹೆಂಡತಿ, ನಿನ್ನ ತಂಗಿಯಂತಿರುವ ಇವಳು, ಬಾಗಿಲಲ್ಲಿ ಕ್ಷಣ ಹಿಂಜರಿದಳು. ಆ ಮಗುವನ್ನು ಕಂಡ ಮೇಲೆ ನನಗಿಂತ ಮೊದಲೇ ಒಳಗೆ ನಡೆದಳು. ಒಂದು ಕಡೆ ಪುಸ್ತಕದ ಕಪಾಟು: ಊರ ಲೈಬ್ರರಿ. ಇನ್ನೊಂದು ಕಡೆ ಊರಿನ ಕಿರಾಣಿ ಅಂಗಡಿ, ನಡೆಸುವವರು ಊರಿನ ಸ್ವಯಂಸೇವಕರು. ಹಿಂದಿನ ಜಾಗದಲ್ಲಿ ಊರವರು ತರಕಾರಿ ಬೆಳೆದುಕೊಳ್ಳಲು ಪಾತಿಗಳು. ಆಚೆ ಅಂಗಳದಲ್ಲಿ ಬೆಂಚು ಹಾಕಿದ್ದಾರೆ. ಅಲ್ಲಿ ಕೂತರೆ ಸ್ವೇಲ್ ಕಣಿವೆ ಉದ್ದಕ್ಕೂ ಕಾಣುತ್ತದೆ.

ಇಲ್ಲಿ ಯಾರೂ ಟೇಬಲ್ಲಿಗೆ ಬಂದು ಏನು ಬೇಕೆಂದು ಕೇಳುವುದಿಲ್ಲ. ನಾವೇ ಕೌಂಟರಿಗೆ ಹೋಗಿ ಹೇಳಿ, ದುಡ್ಡು ಕೊಟ್ಟು, ಗ್ಲಾಸು ಹಿಡಿದು ಬರಬೇಕು. ಕೌಂಟರಿನ ಮೇಲೆ ಮರದ ಹಿಡಿಯ ಪಂಪುಗಳ ಸಾಲು, ಪ್ರತಿಯೊಂದಕ್ಕೂ ಆಯಾ ಬ್ರೂವರಿಯ ಬಿಲ್ಲೆ. ಹೆಚ್ಚಿನವು ಯಾರ್ಕ್‌ಶೈರಿನವೇ. ಯಾವುದು ಬೇಕೆಂದು ತಿಳಿಯದಿದ್ದರೆ ಗುಟುಕು ರುಚಿಗೆ ಕೊಡುತ್ತಾರೆ. ನಾನು ಮೊದಲು ಕೇಳಿದ್ದು ಬೇರೆ ಪ್ರಶ್ನೆ. ಇಲ್ಲಿ ಸಿಗುವ ಏಲ್ ಎಂಬ ಬಗೆಯ ಬಿಯರನ್ನು ತಿಳಿಗೊಳಿಸಲು ಐಸಿಂಗ್ಲಾಸ್ ಹಾಕುವ ಪದ್ಧತಿ ಇದೆ. ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು. ನಮ್ಮಂಥ ಶಾಕಾಹಾರಿಗಳು ಕೇಳಿಯೇ ಕುಡಿಯಬೇಕು. ಕೌಂಟರಿನಲ್ಲಿದ್ದ ಹೆಂಗಸು ಒಂದಿಷ್ಟೂ ಬೇಸರಿಸದೆ, ಅದನ್ನು ಹಾಕದ ಒಂದು ಪಂಪನ್ನು ತೋರಿಸಿದಳು. ತುಸು ಮಬ್ಬಾಗಿ ಕಾಣುವ, ಹೊಂಬಣ್ಣದ ಏಲ್. ಅಳಿಯ ತೆಗೆದುಕೊಂಡದ್ದು ಯಾರ್ಕ್ ಹತ್ತಿರದ ರಡ್‌ಗೇಟ್ ಬ್ರೂವರಿಯ ರೂಬಿ ಮೈಲ್ಡ್. 2009ರಲ್ಲಿ ಇಡೀ ಬ್ರಿಟನ್ನಿನ ಶ್ರೇಷ್ಠ ಬಿಯರ್ ಎಂಬ ಪ್ರಶಸ್ತಿ ಪಡೆದದ್ದು. ದಾಸವಾಳದ ಕೆಂಪು, ಮೂಗಿಗೆ ಹಿಡಿದರೆ ಹುರಿದ ಧಾನ್ಯದ ಘಮ.

ಆಕೆ ಪಂಪ್ ಎಳೆಯುವುದನ್ನೇ ನೋಡುತ್ತಾ ನಿಂತೆ. ಹಿಡಿಯನ್ನು ಅವಸರವಿಲ್ಲದೆ ತನ್ನ ಕಡೆ ಎಳೆದಳು. ನಳಿಗೆಯ ತುದಿಗೆ ಸಣ್ಣ ತೂತುಗಳ ಮುಚ್ಚಳ. ಅದರ ಮೂಲಕ ಬಂದ ಏಲ್ ಗ್ಲಾಸಿನಲ್ಲಿ ಮೊದಲು ಪೂರಾ ನೊರೆಯಾಗಿ ಕಂಡಿತು. ಆಮೇಲೆ ನೊರೆ ಕೆಳಗಿನಿಂದ ಮೆಲ್ಲಗೆ ಬಿಡಿಸಿಕೊಂಡು, ಮೇಲೆ ಬೆರಳಗಲದ ದಟ್ಟ ಕೆನೆಯಾಗಿ ನಿಂತಿತು. ಉತ್ತರ ಇಂಗ್ಲೆಂಡಿನವರಿಗೆ ಆ ಕೆನೆ ಇಲ್ಲದಿದ್ದರೆ ಸೇರದು. ಪೈಂಟ್ ಎಂದರೆ 568 ಮಿಲಿ. ನಾನು ಅರ್ಧ ಪೈಂಟ್ ತೆಗೆದುಕೊಂಡೆ.

ಇದು ನಮ್ಮಲ್ಲಿ ಸಿಗುವಂತೆ ಹಲ್ಲು ಜುಮ್ಮೆನ್ನುವ ತಂಪಿನದಲ್ಲ. ನೆಲಮಾಳಿಗೆಯ 11ರಿಂದ 13 ಡಿಗ್ರಿ ತಂಪಿನಲ್ಲಿ ಇಟ್ಟದ್ದನ್ನು ಹಾಗೇ ಕೊಡುತ್ತಾರೆ. ಗ್ಯಾಸೂ ಕಡಿಮೆ. ಮೊದಲ ಗುಟುಕಿಗೆ ಸಪ್ಪೆ ಎನ್ನಿಸಿತು; ಮೂರನೆಯದರ ಹೊತ್ತಿಗೆ ಒಂದೊಂದೇ ರುಚಿ ಬಿಚ್ಚಿಕೊಂಡಿತು. ಬಾರ್ಲಿಯ ಸಿಹಿ, ಹಾಪ್ಸ್ ಹೂವಿನ ಕಹಿ, ಕೊನೆಗೆ ಕಿತ್ತಳೆ ಸಿಪ್ಪೆಯಂಥ ಒಂದು ಒಗರು. ಇಲ್ಲಿ ದಿನನಿತ್ಯ ಕುಡಿಯುವ ಏಲ್‌ಗಳಾದ ಬಿಟರ್‌ಗಳಲ್ಲಿ ಮದ್ಯಸಾರ ಶೇ. 4ರ ಆಸುಪಾಸು. ಒಂದು ಗ್ಲಾಸು ಮುಂದಿಟ್ಟುಕೊಂಡು ತಾಸುಗಟ್ಟಲೆ ಮಾತಾಡುತ್ತಾರೆ.

ಅಣ್ಣ, ಈ ಏಲಿನ ಗುಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಪಬ್ಬಿನ ಕಥೆ ಇದಕ್ಕೇ ತಗುಲಿಕೊಂಡಿದೆ. ಬ್ರೂವರಿಯಿಂದ ಹೊರಟ ಪೀಪಾಯಿಯೊಳಗೆ ಯೀಸ್ಟ್ ಇನ್ನೂ ಜೀವಂತವಾಗಿರುತ್ತದೆ. ಹುದುಗು ಮುಗಿಯುವುದು ಪಬ್ಬಿನ ನೆಲಮಾಳಿಗೆಯಲ್ಲೇ. ಪೀಪಾಯಿಯನ್ನು ಅಡ್ಡ ಮಲಗಿಸಿ, ಮೇಲಿನ ಬಿರಡೆಗೆ ಮರದ ಮೊಳೆ ಹೊಡೆದು ಒಳಗಿನ ಗಾಳಿಯನ್ನು ಹದವಾಗಿ ಹೊರಬಿಡಬೇಕು. ಒಂದೆರಡು ದಿನ ಅಲುಗಾಡಿಸದೆ ಗಸಿ ತಳಕ್ಕಿಳಿಯಲು ಬಿಡಬೇಕು. ಆಮೇಲೆ ನಲ್ಲಿ ಕೂಡಿಸಿ ಕೈಪಂಪಿನಿಂದ ಎಳೆಯಬೇಕು. 1797ರಲ್ಲಿ ಈ ಪಂಪಿಗೆ ಪೇಟೆಂಟ್ ಪಡೆದ ಜೋಸೆಫ್ ಬ್ರಾಮಾ ಕೂಡ ಯಾರ್ಕ್‌ಶೈರಿನವನೇ. ಏಲ್ ಹೊರಬಂದಷ್ಟೂ ಪೀಪಾಯಿಯೊಳಗೆ ಗಾಳಿ ಸೇರುತ್ತದೆ, ಸೇರಿದ ಗಾಳಿ ಅದನ್ನು ಕೆಡಿಸುತ್ತದೆ. ಮೂರು ದಿನ, ಬಹಳವೆಂದರೆ ನಾಲ್ಕು, ಅಷ್ಟರೊಳಗೆ ಖಾಲಿಯಾಗಬೇಕು. ಸಾಮಾನ್ಯ ಪೀಪಾಯಿಯಲ್ಲಿ 9 ಗ್ಯಾಲನ್, ಅಂದರೆ 72 ಪೈಂಟ್. ಮೂರು ದಿನದಲ್ಲಿ 72 ಗ್ಲಾಸು ಕುಡಿಯುವ ಜನ ಬಾರದಿದ್ದರೆ ಚರಂಡಿಗೆ ಸುರಿಯಬೇಕು. ಗಿರಾಕಿ ಬಂದರೆ ಏಲ್ ಚೆನ್ನಾಗಿರುತ್ತದೆ, ಏಲ್ ಚೆನ್ನಾಗಿದ್ದರೆ ಗಿರಾಕಿ ಬರುತ್ತಾನೆ. ಹೀಗಾಗಿ ದೊಡ್ಡ ಕಂಪನಿಗಳು ಒಂದು ಕಾಲಕ್ಕೆ ಈ ತಾಪತ್ರಯವೇ ಬೇಡವೆಂದು ಯೀಸ್ಟ್ ಕೊಂದು, ಸೋಸಿ, ಗ್ಯಾಸ್ ತುಂಬಿದ ಬಿಯರನ್ನು ಎಲ್ಲೆಡೆ ಹರಿಯಬಿಟ್ಟವು. ಅದನ್ನು ಎದುರಿಸಲು 1971ರಲ್ಲಿ ನಾಲ್ಕು ಮಂದಿ ಗೆಳೆಯರು ಕೂಡಿ 'ಕಾಮ್ರಾ' ಎಂಬ ಏಲ್ ಪ್ರಿಯರ ಸಂಘ ಕಟ್ಟಿದರು. ಜೀವಂತ ಏಲ್ ಇವತ್ತಿಗೂ ಉಳಿದಿದ್ದರೆ ಅವರ ಪಾಲು ದೊಡ್ಡದು.

ಊಟಕ್ಕೆ ಮಗಳು ತರಿಸಿದ್ದು ಪ್ಲೌಮನ್ಸ್ ಲಂಚ್, ಅಂದರೆ ನೇಗಿಲಯೋಗಿಯ ಊಟ. ದಪ್ಪ ಬ್ರೆಡ್ಡಿನ ಹೋಳು, ಪಕ್ಕದ ಕಣಿವೆಯ ವೆನ್ಸ್‌ಲಿಡೇಲ್ ಚೀಸು, ಉಪ್ಪಿನಕಾಯಿ ಹಾಕಿದ ಸಣ್ಣ ಉಳ್ಳಾಗಡ್ಡಿ, ಸೇಬಿನ ಹೋಳು, ಹುಳಿ-ಸಿಹಿ ಚಟ್ನಿ. ಹೊಲದ ಬದುವಿನಲ್ಲಿ ಅವ್ವ ಬುತ್ತಿ ಬಿಚ್ಚಿ ರೊಟ್ಟಿ, ಉಳ್ಳಾಗಡ್ಡಿ, ಚಟ್ನಿ ಇಟ್ಟಂತೆಯೇ ಕಂಡಿತು. ಆ ಚೀಸು ಮುಟ್ಟಿದರೆ ಪುಡಿಯಾಗುತ್ತದೆ, ನಾಲಿಗೆಗೆ ಮಜ್ಜಿಗೆಯ ಹುಳಿ. ಏಲಿನ ಕಹಿಯ ಜೊತೆ ಅದು ಕೂಡುವ ಬಗೆ ತಿಂದೇ ತಿಳಿಯಬೇಕು. ಇವಳು ಎಲ್ಡರ್ ಹೂವಿನ ಶರಬತ್ತು ಕುಡಿದಳು, ಎರಡನೆಯದನ್ನೂ ತರಿಸಿದಳು.

ಡಾಮಿನೋ ಆಟ ಮುಗಿದ ಮೇಲೆ ಒಬ್ಬ ಅಜ್ಜ ನಮ್ಮ ಬೆಂಚಿಗೇ ಬಂದು ಕೂತ. ಎಲ್ಲಿಯವರು, ಮಳೆ ಹೇಗೆ, ಏನು ಬೆಳೆಯುತ್ತೀರಿ ಎಂದೆಲ್ಲ ಕೇಳಿದ. ಪಬ್ಬಿನ ಕಥೆಯನ್ನು ಹೇಳಿದವನೂ ಅವನೇ. ಈ ಪಬ್ 2008ರಲ್ಲಿ ಮುಚ್ಚಿತು. ಊರಲ್ಲಿ ಇದ್ದದ್ದು ಇದೊಂದೇ. ಒಂದೇ ಬೀದಿಯ ಜನ ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ನೋಡದ ಹಾಗಾಯಿತಂತೆ. ಆಗ ಊರವರು ಸಭೆ ಸೇರಿದರು, ಸಂಘ ನೋಂದಾಯಿಸಿದರು, ಷೇರು ಎತ್ತಿದರು, 2010ರಲ್ಲಿ ಕಟ್ಟಡ ಕೊಂಡು ಬಾಗಿಲು ತೆರೆದರು. ಇಂಥ ಸಂಘದಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು. ಕಟ್ಟಡ ಸಂಘದ್ದು, ಪಬ್ ನಡೆಸುವುದು ಅದನ್ನು ಬಾಡಿಗೆಗೆ ಹಿಡಿದವರು. ಸಂಘದವರು ಪೀಪಾಯಿಗೆ ಕೈ ಹಾಕುವುದಿಲ್ಲ, ನಡೆಸುವವರು ಊರಿನ ಮಾತು ಮೀರುವುದಿಲ್ಲ. ಲೈಬ್ರರಿ, ಅಂಗಡಿ, ತರಕಾರಿ ಪಾತಿ ಎಲ್ಲ ಹೀಗೆ ಬಂದವು. 2016ರ ಸಾಲಿಗೆ ಕಾಮ್ರಾ ಇದನ್ನೇ ಇಡೀ ದೇಶದ ಅತ್ಯುತ್ತಮ ಪಬ್ ಎಂದು ಆರಿಸಿತು. ಸರ್ಕಾರವೂ 2011ರಲ್ಲಿ ಒಂದು ಕಾಯ್ದೆ ತಂದಿತು. ಊರಿಗೆ ಬೇಕಾದ ಕಟ್ಟಡವೆಂದು ಪಟ್ಟಿಯಲ್ಲಿ ಸೇರಿಸಿದ್ದು ಮಾರಾಟಕ್ಕೆ ಬಂದರೆ, ಊರವರು ಕೇಳಿದಲ್ಲಿ ಹಣ ಕೂಡಿಸಲು ಅದು ಆರು ತಿಂಗಳ ಕಾಲಾವಕಾಶ ಕೊಟ್ಟಿತು.

ಇಂಥ ಸಹಕಾರ ಈ ಕಡೆಯವರಿಗೆ ಹೊಸದಲ್ಲ: ಈ ಬೆಟ್ಟದ ಸಾಲಿನ ಆಚೆ ಮಗ್ಗುಲಿಗೆ ರೋಚ್‌ಡೇಲ್ ಇದೆ. 1844ರಲ್ಲಿ ನೇಕಾರರು ಮತ್ತು ಇತರ ದುಡಿಯುವವರು, ಒಟ್ಟು 28 ಜನ, ಹಿಟ್ಟು, ಬೆಣ್ಣೆ, ಸಕ್ಕರೆ ಮಾರುವ ಅಂಗಡಿ ಇಟ್ಟದ್ದು ಅಲ್ಲೇ. ಸಹಕಾರದ ವಿಚಾರ 1905ರಲ್ಲಿ ನಮ್ಮ ಗದಗಿನ ಕಣಗಿನಹಾಳದಲ್ಲೂ ಬೇರು ಬಿಟ್ಟಿತು. ಅಲ್ಲಿ ಸಂಘ ಕಟ್ಟಿದ ಸಿದ್ಧನಗೌಡ ಪಾಟೀಲರ ಹೆಸರನ್ನು ನಾನು ಆ ಅಜ್ಜನಿಗೆ ಹೇಳಿದೆ, ಅವನು ಇನ್ನೊಮ್ಮೆ ಹೇಳಿಸಿ ಕೇಳಿದ. ಸಾಲ ಕೊಡುವ ಸಂಘವನ್ನು ಅಷ್ಟು ಹಿಂದೆಯೇ ಕಟ್ಟಿ ತೋರಿಸಿದ ಸೀಮೆ ನಮ್ಮದು ಎಂದು ಹೇಳುವಾಗ ಹೆಮ್ಮೆಯಾಯಿತು.

ನಾಳೆ ಇದೇ ಕಣಿವೆಯ ತುದಿಯ ಟ್ಯಾನ್ ಹಿಲ್ ಇನ್ನಿಗೆ ಹೋಗುವವರಿದ್ದೇವೆ. 1,732 ಅಡಿ ಎತ್ತರದಲ್ಲಿ, ಸುತ್ತ ಮನೆಯೇ ಇಲ್ಲದ ರಸ್ತೆ ಬದಿಗಿರುವ, ಬ್ರಿಟನ್ನಿನಲ್ಲೇ ಅತಿ ಎತ್ತರದ ಪಬ್. 2021ರ ನವೆಂಬರಿನ ಹಿಮಬಿರುಗಾಳಿಯಲ್ಲಿ ರಸ್ತೆ ಮುಚ್ಚಿ, ಅರವತ್ತಕ್ಕೂ ಹೆಚ್ಚು ಜನ ಮೂರು ರಾತ್ರಿ ಅಲ್ಲೇ ಉಳಿದರು. ನಡೆಸುವವರು ಅಷ್ಟೂ ಜನಕ್ಕೆ ಹಾಸಿಗೆ ಹಾಸಿ, ಊಟ ಹಾಕಿ ಸಲಹಿದರು. ದಾರಿಬದಿಯ ಮನೆಯ ಧರ್ಮ ಅಂದರೆ ಅದು.

ನಮ್ಮಲ್ಲಿ ಕುಡಿತದಿಂದ ಮನೆಗಳು ಹಾಳಾದದ್ದನ್ನು ನೀನೂ ನಾನೂ ಕಣ್ಣಾರೆ ಕಂಡಿದ್ದೇವೆ. ಕುಡಿತದ ಪಿಡುಗು ಈ ದೇಶಕ್ಕೂ ಇದೆ. ಊರಲ್ಲಿ ಬಾರ್ ತೆಗೆಯೋಣ ಎಂದು ನಾನು ಬರೆಯುತ್ತಿಲ್ಲ. ನಾನು ಕೇಳುವುದು ನಮ್ಮೂರ ಕ್ರಾಸಿನಲ್ಲಿ ಬೀಗ ಬಿದ್ದಿರುವ ಖಾನಾವಳಿಯ ಬಗ್ಗೆ. ಅದು ಮುಚ್ಚಿದಂದಿನಿಂದ ಸಂತೆಗೆ ಬಂದವರಿಗೆ ಬಿಸಿರೊಟ್ಟಿ ಇಲ್ಲ, ಹಿರಿಯರಿಗೆ ಚಹಾ ಕುಡಿಯುತ್ತಾ ಕೂರುವ ಜಾಗ ಇಲ್ಲ, ಪೇಪರ್ ಓದುವ ಕಟ್ಟೆ ಇಲ್ಲ. ಸೊಸೈಟಿಯ ಬೈಲಾ ಅಡ್ಡ ಬಂದರೆ 1997ರ ಸೌಹಾರ್ದ ಕಾಯ್ದೆಯಡಿ ಬೇರೆ ಸಹಕಾರಿ ನೋಂದಾಯಿಸಬಹುದೇ ಎಂದು ವಿಚಾರಿಸು. ಕಟ್ಟಡ ಸಂಘದ್ದಾಗಲಿ, ಒಲೆ ಹೊತ್ತಿಸಲು ಕೈರುಚಿ ಗೊತ್ತಿರುವ ಕುಟುಂಬಕ್ಕೆ ಬಾಡಿಗೆಗೆ ಕೊಡೋಣ, ಒಂದು ಗೋಡೆಗೆ ಪುಸ್ತಕದ ಕಪಾಟು ನಿಲ್ಲಿಸೋಣ. ಮುಂದಿನ ವಾರ್ಷಿಕ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸು. ಮೊದಲ ಷೇರಿನ ಹಣ ನಾನು ಕೊಡುತ್ತೇನೆ.



ನಿನ್ನ ತಮ್ಮ