ಸಪ್ತಾಪುರದ ಮನೆ, ಹನ್ನೊಂದು ಜೋಡಿ ಚಪ್ಪಲಿ

ಒಂದು ಭಾನುವಾರ ಬೆಳಿಗ್ಗೆ ಎದುರು ಮನೆ ಕಾಕು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದರು. ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಕಟ್ಟೆ. ಅದರ ಮೇಲೆ ಹನ್ನೊಂದು ಜೋಡಿ ಚಪ್ಪಲಿ, ಎಲ್ಲಾ ಹುಡುಗರವು. ಕೆಳಗೆ ಒಂದೇ ಸಾಲು: ‘ನಿಮ್ಮ ಮನ್ಯಾಗ ಮಂದಿ ಭಾಳ ಆಗ್ಯಾರ, ಒಮ್ಮೆ ಬಂದು ನೋಡವಾ.’

ನಾನು ಬಾಡಿಗೆಗೆ ಕೊಟ್ಟಿದ್ದು ಗಂಡ, ಹೆಂಡತಿ, ಒಂದು ಸಣ್ಣ ಮಗು ಇರೋ ಸಂಸಾರಕ್ಕೆ!

ಆ ಮನೆಯನ್ನು ಅಪ್ಪ ಕಟ್ಟಿಸಿದ್ದು 1994ರಲ್ಲಿ. ನವಲಗುಂದ ಕಡೆಯ ಹಳ್ಳಿಯಿಂದ ಓದೋಕೆ ಅಂತ ಬಂದವರು, ಮಾಳಮಡ್ಡಿಯಲ್ಲಿ ಯಾರದೋ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದರು. ಆಮೇಲೆ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಗುಮಾಸ್ತರಾಗಿ, ಸಾಲ ಮಾಡಿ ಎರಡು ಬೆಡ್‌ರೂಮಿನ ಮನೆ ಕಟ್ಟಿದರು. ಅವರು ಹೋದ ಮೇಲೆ ಅವ್ವ ನನ್ನ ಜೊತೆ ಪುಣೆಗೆ ಬಂದಳು. ಹಿಂದಿನ ಚಿಕ್ಕ ಕೋಣೆಯಲ್ಲಿ ಅಪ್ಪನ ಪುಸ್ತಕ, ಅವ್ವನ ತಾಮ್ರದ ಹಂಡೆ ಇಟ್ಟು ಕೀಲಿ ಹಾಕಿ, ಉಳಿದ ಮನೆಯನ್ನು ಬ್ರೋಕರ್ ತೋರಿಸಿದವರಿಗೆ ಕೊಟ್ಟೆವು. ಬಾಡಿಗೆ 14,000, ಡಿಪಾಸಿಟ್ 70,000.

ಮೊದಲ ವರ್ಷ ತಕರಾರಿಲ್ಲ. ಆಮೇಲೆ ‘ಈ ವಾರ ಹಾಕ್ತೀನ್ರಿ ಮೇಡಂ’ ಶುರುವಾಯಿತು. ಕೊನೆಗೆ ಫೋನೇ ಸ್ವಿಚ್ ಆಫ್. ಐದು ತಿಂಗಳ ಬಾಡಿಗೆ ಬಾಕಿ, ಅಂದರೆ ಡಿಪಾಸಿಟ್ ಅಲ್ಲಿಗೆ ಸರಿಹೋಯಿತು. ‘ಮಾರಿ ಬಿಡ್ರಿ, ಯಾಕ ತಲಿನೋವು’ ಅಂದರು ನೆಂಟರು. ಅವ್ವ ಮಾತ್ರ ಏನೂ ಅನ್ನಲಿಲ್ಲ. ‘ಹಂಡೆ ಐತೋ ಇಲ್ಲೋ ನೋಡ್ಕೊಂಡು ಬಾ’ ಅಂದಳು.

ಜುಲೈ ತಿಂಗಳು. ರಾತ್ರಿ ಪುಣೆಯಲ್ಲಿ ರೈಲು ಹತ್ತಿದೆ. ಕಣ್ಣು ಬಿಟ್ಟಾಗ ಬೆಳಗಾವಿ. ಅಲ್ಲಿಂದ ಮುಂದೆ ಖಾನಾಪುರ, ಲೋಂಡಾ, ಅಳ್ನಾವರ. ಕಿಟಕಿಯ ಎರಡೂ ಕಡೆ ತೊಯ್ದ ಕಾಡು, ನೀರು ನಿಂತ ಭತ್ತದ ಗದ್ದೆ. ಬೇರೆ ದಿನವಾಗಿದ್ದರೆ ಇನ್‌ಸ್ಟಾಗೆ ನಾಲ್ಕು ರೀಲ್ ಆಗುತ್ತಿತ್ತು. ಅವತ್ತು ನಾನು ದಾರಿಯುದ್ದಕ್ಕೂ ಆಡಬೇಕಾದ ಜಗಳದ ಮಾತುಗಳನ್ನೇ ಬಾಯಿಪಾಠ ಮಾಡುತ್ತಿದ್ದೆ.

ಧಾರವಾಡದಲ್ಲಿ ಇಳಿದರೆ ಅದೇ ಜಿಟಿಜಿಟಿ ಮಳೆ. ಆಟೊ ಸಪ್ತಾಪುರ ಮುಟ್ಟಿದಾಗ ನನಗೆ ನಮ್ಮ ಓಣಿಯೇ ಗುರುತು ಸಿಗಲಿಲ್ಲ. ನಾನು ಸೈಕಲ್ ಹೊಡೆದ ರಸ್ತೆಯಲ್ಲಿ ಈಗ ಕಂಬಕ್ಕೊಂದು ಕೋಚಿಂಗ್ ಬೋರ್ಡು. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ. ಪಾಸಾದವರ ಫೋಟೊಗಳಿರುವ ಫ್ಲೆಕ್ಸ್. ತಾಸಿನ ಲೆಕ್ಕದಲ್ಲಿ ಕುರ್ಚಿ ಕೊಡುವ ರೀಡಿಂಗ್ ರೂಮು, ಜೆರಾಕ್ಸ್ ಅಂಗಡಿ, ಖಾನಾವಳಿ. ಛತ್ರಿ ಇಲ್ಲದೆ, ತಲೆ ಮೇಲೆ ಬ್ಯಾಗು ಹಿಡಿದು ಓಡುವ ಹುಡುಗ ಹುಡುಗಿಯರು.

ಧಾರವಾಡ ಮೊದಲಿನಿಂದಲೂ ಓದೋರ ಊರೇ. ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ಕರ್ನಾಟಕ ಕಾಲೇಜು ಶುರುವಾಗಿದ್ದು 1917ರಲ್ಲಿ. ಮುಂಬೈಯಲ್ಲಿ 1949ರಲ್ಲಿ ಆರಂಭವಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಇಲ್ಲಿಗೆ ಬಂತು. ಹೊರಗಿನಿಂದ ಬಂದ ಹುಡುಗರಿಗೆ ಕೋಣೆ ಕೊಡೋದು, ವಾರಾನ್ನ ಹಾಕೋದು ಇಲ್ಲಿಯ ಹಳೇ ರೂಢಿ. ಈಗ ವಾರಾನ್ನ ಹೋಗಿ ಪಿಜಿ ಬಂದಿದೆ, ಅಷ್ಟೇ. ಆದರೆ ಅಂಥ ಒಂದು ಪಿಜಿ ನಮ್ಮ ಮನೆಯಲ್ಲೇ ನಡೀತಿದೆ ಅಂತ ನನಗೆ ಗೊತ್ತಿರಲಿಲ್ಲ.

ಬೆಲ್ ಒತ್ತಿದೆ. ಇಪ್ಪತ್ತೆರಡರ ಹುಡುಗನೊಬ್ಬ ಬಾಗಿಲು ತೆಗೆದು, ‘ಯಾರು ಬೇಕಾಗಿತ್ತ್ರೀ?’ ಅಂದ.

ನಮ್ಮದೇ ಹೊಸ್ತಿಲಲ್ಲಿ ನಿಂತು ಆ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. ‘ಈ ಮನಿ ನಂದು’ ಅಂದೆ. ಅವನ ಮುಖ ಬಿಳಚಿಕೊಂಡಿತು. ‘ಮನಿ ಅವರದ ಅಂತ ಹೇಳಿದ್ರಲ್ರೀ?’

ಒಳಗೆ ಹಾಲ್‌ನಲ್ಲಿ ನಾಲ್ಕು ಹಾಸಿಗೆ, ಬೆಡ್‌ರೂಮುಗಳಲ್ಲಿ ಐದು. ಗೋಡೆ ತುಂಬಾ ಕರ್ನಾಟಕದ ನಕಾಶೆ, ಟೈಮ್‌ಟೇಬಲ್, ಸಂವಿಧಾನದ ವಿಧಿಗಳ ಪಟ್ಟಿ. ಹಿಂದಿನ ಕೋಣೆಯ ಕೀಲಿ ಒಡೆದಿತ್ತು. ಅಲ್ಲಿ ಇಬ್ಬರು ಮಲಗುತ್ತಿದ್ದರು. ಅಪ್ಪನ ಪುಸ್ತಕಗಳನ್ನು ಗೋಡೆಗೆ ಒತ್ತಿ ಜೋಡಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಹಂಡೆ ಹಿತ್ತಲಲ್ಲಿತ್ತು, ಮಳೆನೀರು ಹಿಡಿಯೋಕೆ.

ಬಾಯಿಪಾಠ ಮಾಡಿದ ಜಗಳ ಯಾರ ಜೊತೆ ಆಡಲಿ? ಸಿಂದಗಿ ಕಡೆಯ ಹುಡುಗ ಫೋನ್ ತೆಗೆದು ತೋರಿಸಿದ. ‘ಅಕ್ಕಾರ, ನಾವು ತಿಂಗಳಾ ತಿಂಗಳಾ ಹಾಕೇವ್ರಿ, ನೋಡ್ರಿ ಇಲ್ಲೆ.’ ತಲೆಗೆ 2,500ರಂತೆ ಪ್ರತಿ ತಿಂಗಳೂ ನನ್ನ ಬಾಡಿಗೆದಾರನ ಖಾತೆಗೆ ಹೋಗಿತ್ತು. ಹನ್ನೊಂದು ಜನರಿಂದ 27,500. ಜೊತೆಗೆ ತಲಾ 5,000 ಅಡ್ವಾನ್ಸ್. ಆತ ಹೆಂಡತಿ ಮಗುವನ್ನು ಊರಿಗೆ ಕಳಿಸಿ, ತಾನು ಬೇರೆ ಕಡೆ ರೂಮು ಮಾಡಿಕೊಂಡಿದ್ದನಂತೆ.

ಕಾಕು ಮನೆಯಲ್ಲಿ ಚಹಾ ಕುಡಿಯುತ್ತಾ ಅವರ ದೂರನ್ನೂ ಕೇಳಿದೆ. ಸರಿರಾತ್ರಿ ಬೈಕ್ ಸದ್ದು, ಗೇಟಿಗೆ ಅಡ್ಡ ನಿಲ್ಲಿಸೋದು. ‘ಹುಡುಗೂರು ಕೆಟ್ಟವರಲ್ಲ, ಆದ್ರ ಕೇಳೋರು ಯಾರೂ ಇಲ್ಲ’ ಅಂದರು. ಆ ಮಾತು ನನಗೇ ನಾಟಿತು. ಕರೆಂಟ್ ಬಿಲ್ಲು ಮೂರು ಪಟ್ಟಾಗಿರುವ ಮೆಸೇಜು ತಿಂಗಳುಗಟ್ಟಲೆ ನನ್ನ ಫೋನಿಗೇ ಬರುತ್ತಿತ್ತು. ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಮಧ್ಯಾಹ್ನ ಅಪ್ಪನ ಗೆಳೆಯರಾದ ವಕೀಲ ಕಾಕಾ ಹತ್ತಿರ ಹೋದೆ. ಕರಾರು ಪತ್ರ ನೋಡಿ ಮೊದಲು ನನಗೇ ಬೈದರು. 11 ತಿಂಗಳ ಕರಾರು ಮುಗಿದು ಎರಡು ವರ್ಷವಾಗಿತ್ತು, ನಾನು ಹೊಸದು ಮಾಡಿಸಿರಲಿಲ್ಲ. ವರ್ಷಕ್ಕೆ ಮೀರಿದ ಲೀಸ್‌ಗೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟ್ರೇಷನ್ ಕಡ್ಡಾಯ. ಅದಕ್ಕೇ ಎಲ್ಲರೂ 11 ತಿಂಗಳು ಅಂತ ಬರೆಸೋದು. ಮುಗಿದ ಮೇಲೂ ಬಾಡಿಗೆ ತಗೊಳ್ತಾ ಹೋದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಆಗುತ್ತದೆ. ಕರ್ನಾಟಕ ಬಾಡಿಗೆ ಕಾಯ್ದೆ 1999, ತಿಂಗಳಿಗೆ 3,500ಕ್ಕಿಂತ ಹೆಚ್ಚು ಬಾಡಿಗೆಯ ಮನೆಗೆ ಅನ್ವಯಿಸದು. ನಮ್ಮಂಥವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ: ಮೊದಲು 15 ದಿನದ ನೋಟಿಸ್, ಬಿಡದಿದ್ದರೆ ಸಿವಿಲ್ ಕೋರ್ಟು.

‘ಸಿಟ್ಟಿಲೆ ಹೋಗಿ ಕೀಲಿ ಹಾಕಬ್ಯಾಡ, ಲೈಟು ನೀರು ಬಂದ್ ಮಾಡಸಬ್ಯಾಡ. ಹಂಗ ಮಾಡಿದ್ರ ತಪ್ಪು ನಿಂದ ಆಗತದ’ ಅಂದರು. ನೋಟಿಸ್ ಅವತ್ತೇ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಹೋಯಿತು. ಅದರ ಫೋಟೊವನ್ನು ಹುಡುಗರ ಕೈಲೇ ಆತನಿಗೆ ಕಳಿಸಿದೆ. ಅವರ ಫೋನನ್ನು ಆತ ಎತ್ತುತ್ತಿದ್ದ.

ಸಂಜೆ ಸಾಧನಕೇರಿ ತನಕ ನಡೆದೆ. ಕೆರೆ ತುಂಬಿತ್ತು. ಎದುರಿಗೇ ಬೇಂದ್ರೆಯವರ ಮನೆ. ಸಣ್ಣವಳಿದ್ದಾಗ ಪ್ರತಿ ಭಾನುವಾರ ಅಪ್ಪ ಇಲ್ಲಿಗೆ ಕರಕೊಂಡು ಬರುತ್ತಿದ್ದರು. ತಾವು ಓದುವಾಗ ಹಿತ್ತಲ ಕೋಣೆ ಕೊಟ್ಟ ಮನೆಯವರು ಪರೀಕ್ಷೆ ತಿಂಗಳಲ್ಲಿ ಬಾಡಿಗೆ ಕೇಳುತ್ತಿರಲಿಲ್ಲ ಅನ್ನೋದನ್ನು ಇದೇ ದಂಡೆಯಲ್ಲಿ ಎಷ್ಟು ಸಲ ಹೇಳಿದ್ದರೋ. ಆಗ ನನಗೆ ಅದು ಬೋರ್ ಹೊಡೆಸುವ ಕಥೆ.

ಮರುದಿನ ಆತ ಬಂದ. ಕೋರ್ಟ್ ಹತ್ತಿರದ ಚಹಾ ಅಂಗಡಿಯಲ್ಲಿ ಕೂತೆವು. ವಯಸ್ಸು ನಲವತ್ತರ ಹತ್ತಿರ, ಕಣ್ಣು ಕೆಳಗೆ. ‘ನಾನೂ ಇಲ್ಲೇ ಆರು ವರ್ಷ ಓದಿದಾಂವ ರೀ ಮೇಡಂ. ಪಿಎಸ್‌ಐ ಎರಡು ಸಲ ಕೈ ತಪ್ಪಿತು’ ಅಂದ. ಕೋಚಿಂಗ್ ಕ್ಲಾಸು ಹಾಕಿ ಕೈ ಸುಟ್ಟುಕೊಂಡು, ಬಡ್ಡಿ ಸಾಲ ತೀರಿಸೋಕೆ ಈ ದಾರಿ ಹಿಡಿದನಂತೆ. ಅಯ್ಯೋ ಅನಿಸಿತು. ಆದರೆ ಹನ್ನೊಂದು ಹುಡುಗರ ಅಡ್ವಾನ್ಸ್ ನುಂಗಿದವನೂ ಇವನೇ ಅಲ್ಲವೇ?

ನನ್ನ ಮುಂದೆ ಎರಡು ದಾರಿ ಇದ್ದವು. ಎಲ್ಲರನ್ನೂ ಒಟ್ಟಿಗೇ ಖಾಲಿ ಮಾಡಿಸಿ, ಪೇಂಟ್ ಹೊಡೆಸಿ, ಹೊಸ ಸಂಸಾರ ತರೋದು ಸುಲಭ. ಆದರೆ ಹುಡುಗರಿಗೆ ಎರಡು ತಿಂಗಳಲ್ಲಿ ಪರೀಕ್ಷೆ. ಅಡ್ವಾನ್ಸ್ ಹೋದ ಮೇಲೆ ಇನ್ನೊಂದು ಪಿಜಿಗೆ ಕೊಡೋಕೆ ಅವರ ಹತ್ತಿರ ದುಡ್ಡಿಲ್ಲ.

ವಕೀಲ ಕಾಕಾನ ಮುಂದೆ ಛಾಪಾ ಕಾಗದದಲ್ಲಿ ಬರೆಸಿದೆವು. ಡಿಪಾಸಿಟ್ಟು ಬಾಕಿ ಬಾಡಿಗೆಗೆ ಜಮಾ. ಆತ ಮನೆಯ ಸ್ವಾಧೀನ ನನಗೆ ಒಪ್ಪಿಸಬೇಕು. ಹುಡುಗರ 55,000 ರೂಪಾಯಿಯನ್ನು ಮೂರು ಕಂತಿನಲ್ಲಿ ವಾಪಸ್ ಕೊಡಬೇಕು. ಹುಡುಗರು ಸೆಪ್ಟೆಂಬರ್ ಕೊನೆವರೆಗೆ ಇರಬಹುದು, ತಲೆಗೆ 1,500 ನೇರ ನನಗೆ, ಕರೆಂಟ್ ಬಿಲ್ ಅವರದು, ರಾತ್ರಿ ಹತ್ತರ ಮೇಲೆ ಬೈಕ್ ಸದ್ದಿಲ್ಲ. ಕೊನೆಯ ಷರತ್ತು ಕಾಕು ಹಾಕಿಸಿದ್ದು!

ಎಲ್ಲ ಸುಖಾಂತ ಅಂದುಕೊಳ್ಳಬೇಡಿ. ಆತ ಎರಡು ಕಂತು ಕೊಟ್ಟ, ಮೂರನೆಯದು ಇವತ್ತಿಗೂ ಬಂದಿಲ್ಲ. ಹುಡುಗರಿಂದ ಸೆಪ್ಟೆಂಬರ್ ಬಾಡಿಗೆ ನಾನು ತಗೊಳ್ಳಲಿಲ್ಲ. ಎರಡು ವರ್ಷ ಬಂದು ನೋಡದೆ ಇದ್ದದ್ದಕ್ಕೆ ಕಟ್ಟಿದ ದಂಡ ಅಂತ ಲೆಕ್ಕ ಬರೆದುಕೊಂಡೆ. ಅವರು ಹೋದ ಮೇಲೆ ಬಚ್ಚಲು ರಿಪೇರಿ, ಪೇಂಟಿಂಗ್‌ಗೆ 38,000 ಖರ್ಚಾಯಿತು. ಹನ್ನೊಂದರಲ್ಲಿ ಒಬ್ಬನೇ ಪಾಸಾದ. ಉಳಿದವರು ಸಪ್ತಾಪುರದಲ್ಲೇ ಎಲ್ಲೋ ಮತ್ತೆ ಓದುತ್ತಿದ್ದಾರೆ.

ಈಗ ಮನೆಯಲ್ಲಿ ಬ್ಯಾಂಕ್ ಉದ್ಯೋಗಿಯೊಬ್ಬರ ಸಂಸಾರ ಇದೆ. ಕರಾರು ಮುಗಿಯೋ ತಿಂಗಳು ಫೋನಿನ ಕ್ಯಾಲೆಂಡರಿನಲ್ಲಿದೆ. ಬೇರೆಯವರಿಗೆ ಒಳಬಾಡಿಗೆ ಕೊಡಬಾರದು ಅಂತ ದಪ್ಪಕ್ಷರದಲ್ಲಿ ಬರೆಸಿದ್ದೇನೆ. ಬಾಡಿಗೆದಾರರ ವಿವರ ಪೊಲೀಸ್ ಠಾಣೆಗೆ ಕೊಟ್ಟಾಗಿದೆ. ಕರೆಂಟ್ ಬಿಲ್ಲಿನ ಮೆಸೇಜ್ ಪ್ರತಿ ತಿಂಗಳೂ ತೆರೆಯುತ್ತೇನೆ. ಬಾಡಿಗೆ ಒಂದು ತಿಂಗಳು ತಪ್ಪಿದರೆ ಆ ವಾರವೇ ಮಾತಾಡ್ತೇನೆ, ಐದು ತಿಂಗಳು ಕಾಯೋದಿಲ್ಲ.

ಇವೆಲ್ಲ ಫೋನಿನಲ್ಲೇ ಆಗುತ್ತವೆ. ಕಟ್ಟೆ ಮೇಲಿನ ಚಪ್ಪಲಿ ಎಣಿಸೋಕೆ ಮಾತ್ರ ಓಣಿಯಲ್ಲಿ ಓಡಾಡೋ ಒಬ್ಬರು ಬೇಕು. ಆ ಒಬ್ಬರ ಜೊತೆ ನಂಟು ಉಳಿಸಿಕೊಳ್ಳಬೇಕಾದರೆ ನಾವೂ ಆಗಾಗ ಮುಖ ತೋರಿಸಬೇಕು. ಅದಕ್ಕೇ ವರ್ಷಕ್ಕೆ ಎರಡು ಸಲ ಧಾರವಾಡದ ಟಿಕೆಟ್ ಮಾಡಿಸುತ್ತೇನೆ, ಖರ್ಚನ್ನು ಮನೆಯ ರಿಪೇರಿ ಲೆಕ್ಕಕ್ಕೇ ಹಾಕುತ್ತೇನೆ. ಕಾಕು ಮನೆಯಲ್ಲಿ ಊಟ, ಲೈನ್ ಬಜಾರಿನಲ್ಲಿ ಸಾಲು ನಿಂತು ಪೇಡೆ, ಸಂಜೆ ಸಾಧನಕೇರಿ. ಹಂಡೆ ಮಾತ್ರ ಪುಣೆಗೆ ಬಂದಿದೆ. ಅವ್ವ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಾಲ್ಕನಿಯಲ್ಲಿ ಇಟ್ಟಿದ್ದಾಳೆ.