ಇಬ್ಬನಿ ಆರುವ ಮುನ್ನ

ಡಿಸೆಂಬರ್ ಕೊನೆ. ಚಿತ್ತಾಪುರದಿಂದ ವಾಡಿಗೆ ಹೋಗುವ ದಾರಿ ಬದಿಯ ಎರೆಹೊಲ. ಹೊತ್ತು ಈಗಷ್ಟೇ ಮೂಡುತ್ತಿದೆ, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ. ತೊಗರಿಯನ್ನು ಇಬ್ಬನಿ ಇರುವಾಗಲೇ ಕೊಯ್ಯಬೇಕು. ಬಿಸಿಲೇರಿದರೆ ಕುಡಗೋಲು ತಾಗಿದ್ದೇ ತಡ, ಕಾಯಿ ಸಿಡಿದು ಕಾಳು ನೆಲದ ಪಾಲು. ಅದಕ್ಕೇ ಈ ಹೆಂಗಸರು ಕತ್ತಲಲ್ಲೇ ರೊಟ್ಟಿ ಬಡಿದು ಬಂದಿದ್ದಾರೆ. ಗುತ್ತಿಗೆ ಕೆಲಸ, ಯಾರೂ ನಿಲ್ಲುವಂತಿಲ್ಲ.

ಒಬ್ಬ ಹುಡುಗಿ ನಿಂತಿದ್ದಾಳೆ. ಕಡ್ಡಿ ಚುಚ್ಚದಿರಲೆಂದು ಎಡಗೈಗೆ ಹಳೆ ಸೀರೆಯ ತುಂಡು ಸುತ್ತಿದ್ದಾಳೆ. ಆ ಕೈ ಈಗ ನಡದ ಮೇಲಿದೆ.

"ಯಾಕವ್ವ, ನಿಂತಿ?" ಮುಂದಿನ ಸಾಲಿನಿಂದ ಚಿಗವ್ವನ ದನಿ.

"ಮೈಯಾಗ ಕಸುವೇ ಇಲ್ಲ ಚಿಗವ್ವ. ಇವತ್ತೋ ನಾಳಿಗೋ ಹೊರಗಾಗ್ತೀನಿ ಅನಸ್ತದ."

ಇದು ಸೋಮಾರಿತನವಲ್ಲ. ಅಂಡಾಶಯದಿಂದ ಅಂಡ ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರುತ್ತದೆ. ಮೈಬಿಸಿ ತುಸು ಹೆಚ್ಚುತ್ತದೆ, ಕೆಲವರಿಗೆ ನಿದ್ದೆ ಕೆಡುತ್ತದೆ. ಗರ್ಭ ನಿಲ್ಲದಿದ್ದರೆ ಮುಟ್ಟಿನ ಮುಂಚಿನ ದಿನಗಳಲ್ಲಿ ಅದೂ ಈಸ್ಟ್ರೋಜನ್ನೂ ಒಟ್ಟಿಗೆ ಇಳಿಯುತ್ತವೆ. ಸುಸ್ತು, ಸಿಡುಕು, ಕಾರಣವಿಲ್ಲದೆ ಬರುವ ಅಳು, ಎಲ್ಲ ಆಗಲೇ. ಆಮೇಲೆ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಗರ್ಭಕೋಶವನ್ನು ಹಿಂಡುತ್ತದೆ, ನಡ ಹಿಡಿಯುತ್ತದೆ.

ಬಿಸಿಲೇರಿತು, ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಹಿಂದೆಯೇ ಚಹಾ. ಆ ಚಹಾ ಒಂದು ತಾಸು ತಡೆದರೆ ಒಳ್ಳೆಯದು. ಉಂಡ ಕೂಡಲೇ ಕುಡಿದರೆ ಪಲ್ಯದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಚಿಗವ್ವ ಹುಡುಗಿಯ ಕೆಳರೆಪ್ಪೆ ಎಳೆದು ನೋಡುತ್ತಾಳೆ. ಒಳಗೆ ಕೆಂಪಿರಬೇಕಾದಲ್ಲಿ ಬಿಳಿಚಿದೆ.

"ಮುಟ್ಟು ನಿಂತ ಮ್ಯಾಲೂ ಹಿಂಗೇ ಇರ್ತದೇನು?"

"ಹೂಂ. ತಿಂಗಳೆಲ್ಲ."

ಹಾಗಾದರೆ ಹಾರ್ಮೋನಿನ ಮೇಲಷ್ಟೇ ಹೊರಿಸಿ ಸುಮ್ಮನಿರಬಾರದು. ಗರ್ಭಿಣಿಯಲ್ಲದ ಹೆಣ್ಣಿಗೆ ಹಿಮೋಗ್ಲೋಬಿನ್ ಡೆಸಿಲೀಟರ್ ರಕ್ತಕ್ಕೆ 12 ಗ್ರಾಮಿಗಿಂತ ಕಡಿಮೆಯಾದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಅದಿದೆ. ಪ್ರತಿ ತಿಂಗಳೂ ರಕ್ತ ಹೆಚ್ಚು ಹೋಗುತ್ತಿದ್ದರಂತೂ ಪರೀಕ್ಷೆ ಮಾಡಿಸಲೇಬೇಕು.

2025ರಲ್ಲಿ ರಾಜ್ಯ ಸರ್ಕಾರ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆ ಕೊಟ್ಟಿತು. ದೊಡ್ಡ ಹೆಜ್ಜೆ, ನನಗೆ ನಿಜಕ್ಕೂ ಸಂತೋಷ. ಆದರೆ ಅದು ಕಾರ್ಖಾನೆಯ ಗೇಟಿನೊಳಗೆ ಹೋಯಿತೇ ಹೊರತು ಈ ಹೊಲದ ಬದು ದಾಟಿ ಬರಲಿಲ್ಲ. ಇಲ್ಲಿ ಕೊಯ್ದಷ್ಟೇ ಕೂಲಿ.

"ನಾಳಿಗಿ ಶಹಾಬಾದ್ ದವಾಖಾನಿಗಿ ಹೋಗಿ ರಕ್ತ ತೋರಸಮು," ಚಿಗವ್ವ ಕೈ ತೊಳೆಯುತ್ತಾಳೆ.

"ಕೂಲಿ ಹೋಗ್ತದಲ್ಲ?"

"ಇಬ್ಬರದೂ ಹೋಗ್ತದ. ಆದ್ರೂ ಹೋಗಮು."