ಇನ್ನೂರ ಇಪ್ಪತ್ತೊಂದರಲ್ಲಿ ಒಂದು

ನನ್ನ ಊರು ಮಟಕಿ ಎಂದರೆ ಬೆಂಗಳೂರಿನ ಸ್ನೇಹಿತರು ನಗುತ್ತಾರೆ. ಮಟ್ಕಾ ಹುಟ್ಟಿದ್ದು ನಿಮ್ಮಲ್ಲಿಯೇ ಏನು ಎಂದು ಕೇಳಿದವರೂ ಉಂಟು. ಆಳಂದ ಸೀಮೆಯವರಿಗೆ ಮಟಕಿ ಎಂದರೆ ಮೊಳಕೆ ಬರಿಸಿ ಪಲ್ಯ ಮಾಡುವ ಕಾಳು. ಆ ಬಡಪಾಯಿ ಕಾಳಿಗೂ ಜೂಜಿಗೂ ಯಾವ ನಂಟೂ ಇಲ್ಲ. ಊರಿಗೂ ಇಲ್ಲವೆಂದು ಮಾತ್ರ ನಾನು ಪ್ರಮಾಣ ಮಾಡಲಾರೆ. ದೀಪಾವಳಿಯ ರಾತ್ರಿ ಇಸ್ಪೀಟಿನ ಎಲೆ ಮುಟ್ಟದ ಊರು ನಮ್ಮ ಕಡೆ ಅಪರೂಪ.

ಅಂಥದೊಂದು ರಾತ್ರಿ, 1986ರಲ್ಲಿ, ನಮ್ಮ ದೊಡ್ಡಪ್ಪ ನಾಲ್ಕು ಎಕರೆ ಎರೆಹೊಲ ಕಳೆದರು. ಕೆಟ್ಟ ಎಲೆ ಹಿಡಿದು ಸೋತವರಲ್ಲ ಅವರು. ಕೈಯಲ್ಲಿ ಇದ್ದುದು ಎಕ್ಕ, ರಾಜ, ರಾಣಿ; ರಂಗು ಬೇರೆಬೇರೆಯಾದರೂ ಸಾಲು ಸಾಲೇ. ಎದುರಿಗೆ ಕುಳಿತವನು ತನ್ನ ಮೂರು ಎಲೆಗಳನ್ನು ಎತ್ತಿ ನೋಡಿರಲೇ ಇಲ್ಲ, ಬ್ಲೈಂಡು ಆಡುತ್ತಿದ್ದ. ಮೂರೆಲೆ ಆಟದ ಕಟ್ಟಳೆ ವಿಚಿತ್ರವಾದುದು. ಎಲೆ ನೋಡಿದವನು ನೋಡದವನ ಎರಡರಷ್ಟು ಹಣ ಇಡಬೇಕು. ನೋಡದವನಿಗೆ ‘ತೋರಿಸು’ ಎನ್ನುವ ಹಕ್ಕೂ ಅವನಿಗಿಲ್ಲ. ಒಂದೋ ಇಡುತ್ತಲೇ ಹೋಗಬೇಕು, ಇಲ್ಲವೇ ಎಲೆ ಒಗೆದು ಏಳಬೇಕು. ಎಕ್ಕ-ರಾಜ-ರಾಣಿ ಹಿಡಿದವನು ಏಳುವುದುಂಟೆ? ಹಣ ಮುಗಿಯಿತು, ಬಾಯಿಮಾತಿನ ಸಾಲ ಬೆಳೆಯಿತು. ಬೆಳಗಿನ ಜಾವ ಎದುರಾಳಿ ತಾನೇ ತೋರಿಸು ಎಂದು ಎಲೆ ಮಗುಚಿದ: ಒಂದೇ ರಂಗಿನ ಐದು, ಆರು, ಏಳು. ಬೇಸಗೆಯ ಹೊತ್ತಿಗೆ ಹೊಲದ ಖರೀದಿ ಪತ್ರವಾಯಿತು.

ಈಗ ದೊಡ್ಡಪ್ಪನ ಮೊಮ್ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಪೋಕರ್ ಆಡುತ್ತಾನೆ. ಮೊದಲು ಮೊಬೈಲಿನಲ್ಲಿ ಆಡುತ್ತಿದ್ದ. ಕರ್ನಾಟಕ ಸರ್ಕಾರ 2021ರಲ್ಲಿ ಅದನ್ನು ನಿಷೇಧಿಸಿತು, 2022ರಲ್ಲಿ ಹೈಕೋರ್ಟು ಆ ನಿಷೇಧವನ್ನು ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲ, ಅದೃಷ್ಟವೆಂಬ ಭೇದವೆಣಿಸದೆ ಹಣವಿಟ್ಟು ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುವ ಕಾಯಿದೆ ಮಾಡಿತು. ಈಗ ವರ್ಷಕ್ಕೆ ಎರಡು ಮೂರು ಸಲ ಗೋವಾಕ್ಕೆ ಹೋಗಿ ಪಂದ್ಯ ಆಡಿ ಬರುತ್ತಾನೆ. ದೊಡ್ಡಮ್ಮನಿಗೆ ಇದು ಹೇಗೋ ತಿಳಿಯಿತು. “ಯಪ್ಪಾ, ನೀ ನಾಕ ಮಂದೀಗಿ ಓದಸಾಂವ, ಇವಗ ಸ್ವಲ್ಪ ತಿಳಿಸಿ ಹೇಳು” ಎಂದು ನನಗೆ ಅಪ್ಪಣೆಯಾಯಿತು. ಕುಮಾರವ್ಯಾಸನ ದ್ಯೂತಪ್ರಸಂಗವನ್ನು ವರ್ಷವರ್ಷವೂ ಪಾಠ ಮಾಡುವವನೆಂದು ಈ ಕೆಲಸ ನನಗೆ ಬಂದಿರಬೇಕು. ಆದರೆ ಧರ್ಮರಾಯನಿಗೆ ಪಗಡೆಯೇ ಸರಿಯಾಗಿ ಬರುತ್ತಿರಲಿಲ್ಲ. ಈ ಹುಡುಗನಿಗೆ ಆಟ ಬರುತ್ತದೆ.

ಎಳ್ಳಮಾವಾಸ್ಯೆಗೆ ಬಂದಿದ್ದ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು, ತೊಗರಿಯ ಸಾಲಿನ ಪಕ್ಕದಲ್ಲಿ ಕುಳಿತು ಅವನೇ ನನಗೆ ಪಾಠ ಮಾಡಿದ. ಪೋಕರಿನಲ್ಲಿ ಮೊದಲು ಕೈಗೆ ಬರುವುದು ಎರಡೇ ಎಲೆ. ನಡುವೆ ಮೂರು ಎಲೆ ಬಿಚ್ಚುವ ಮುಂಚೆಯೇ ಪಣ ಕಟ್ಟಬೇಕು. ಎರಡು ಎಕ್ಕ ಬಂದರೆ ಅದಕ್ಕಿಂತ ದೊಡ್ಡ ಕೈಯಿಲ್ಲ. ಅದು ಬರುವುದು 221 ಸಲಕ್ಕೆ ಒಮ್ಮೆ. ಎದುರಿಗೆ ಒಬ್ಬನೇ ಇದ್ದು, ಅವನ ಕೈಯಲ್ಲಿ ಯಾವ ಎಲೆಗಳಾದರೂ ಇರಲಿ, ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತದೆ. ಒಂಬತ್ತು ಜನರೂ ಕೊನೆಯ ತನಕ ಉಳಿದರೆ ಅದೇ ಕೈ ಗೆಲ್ಲುವುದು ಸುಮಾರು 31 ಸಲ ಮಾತ್ರ. ಹಣದ ಗುಡ್ಡೆ ದೊಡ್ಡದಾಗುತ್ತದೆ, ನಿಜ. ಆದರೆ ಪಂದ್ಯದಲ್ಲಿ ಬಿಲ್ಲೆ ಮುಗಿದವನು ಎದ್ದು ಹೋಗಬೇಕು. ಆದ್ದರಿಂದ ಒಳ್ಳೆಯ ಕೈ ಬಂದಾಗ ಬೆಕ್ಕಿನಂತೆ ಅಡಗಿ ಕೂರದೆ ಮೊದಲೇ ಪಣ ಏರಿಸಿ ಗುಂಪನ್ನು ಕರಗಿಸಬೇಕು. ಕಡ್ಡಾಯದ ಪಣ ಹೊತ್ತುಹೊತ್ತಿಗೆ ಏರುತ್ತದೆ. ಅದರ ಹತ್ತರಷ್ಟೇ ಬಿಲ್ಲೆ ಉಳಿದಾಗ ಅಷ್ಟನ್ನೂ ಒಮ್ಮೆಲೇ ಇಡಬೇಕು, ಇಲ್ಲವೇ ಎಲೆ ಒಗೆಯಬೇಕು.

“ಎಕ್ಕ-ರಾಜ ಬಂದರ?” ಎಂದೆ.

“ಅದು ನಿಮ್ಮ ಎಂ.ಎ. ಇದ್ದಂಗ ಕಾಕಾ. ನೋಡ್ಲಿಕ್ಕಿ ಭಾಳ ದೊಡ್ಡದು, ಕೈಯಾಗ ಇನ್ನಾ ಏನೂ ಇಲ್ಲ.”

ರಂಗು ಬೇರೆಯಾದ ಎಕ್ಕ-ರಾಜಕ್ಕಿಂತ ಎರಡರ ಪುಟ್ಟ ಜೋಡಿಯೂ ಒಂದೆಳೆ ಮುಂದಂತೆ. ಹೋಲಿಕೆ ನನಗೆ ಹಿಡಿಸಿತೆಂದು ಹೇಳಲಾರೆ, ಆದರೆ ಉಪಮಾಲಂಕಾರಕ್ಕೆ ಇಷ್ಟು ಚೊಕ್ಕ ಉದಾಹರಣೆಯನ್ನು ನನ್ನ ವಿದ್ಯಾರ್ಥಿಗಳು ಕೊಟ್ಟಿಲ್ಲ.

ಆಮೇಲೆ ಹುಡುಗ ದೊಡ್ಡಪ್ಪನ ಆಟಕ್ಕೆ ಬಂದ. ಐವತ್ತೆರಡು ಎಲೆಗಳಲ್ಲಿ ಮೂರರ ಕೈಗಳು ಒಟ್ಟು 22,100. ಅಜ್ಜನ ಸಾಲನ್ನು ಹೊಡೆಯುವಂಥವು ಎರಡೇ ಬಗೆ: ಮೂರೂ ಒಂದೇ ತೆರನಾದ ಕೈ 52, ಒಂದೇ ರಂಗಿನ ಸಾಲು 48. ಒಟ್ಟು ನೂರು. ಎಂದರೆ ಎಲೆ ನೋಡದವನ ಕೈ ಅಜ್ಜನಿಗಿಂತ ದೊಡ್ಡದಿರುವ ಸಂಭವ ಹೆಚ್ಚುಕಡಿಮೆ 221ಕ್ಕೆ ಒಂದು. ಎರಡು ಎಕ್ಕ ಬರುವುದೂ 221ಕ್ಕೆ ಒಂದೇ! ಈ ಹೊಂದಿಕೆಯನ್ನು ಕಂಡು ಅವನ ಕಣ್ಣು ಹೊಳೆಯಿತು. “ಅಜ್ಜಂದು ತಪ್ಪೇ ಇಲ್ಲ ಕಾಕಾ. ಆಡಬೇಕಾದಂಗೇ ಆಡ್ಯಾನ.”

ನನಗೆ ಹಾಗೆನಿಸಲಿಲ್ಲ. ಪಂದ್ಯದಲ್ಲಿ ಕಳೆಯುವುದು ಪ್ರವೇಶದ ಹಣ ಮಾತ್ರ. ಎರಡು ಎಕ್ಕ ಸೋತರೂ ಆಟಗಾರ ಬಸ್ಸು ಹತ್ತಿ ಊರಿಗೆ ಬರುತ್ತಾನೆ. ದೊಡ್ಡಪ್ಪನ ಆಟಕ್ಕೆ ಮೇಲೆ ಮಾಳಿಗೆಯಿರಲಿಲ್ಲ. ಸೋಲುವ ಸಂಭವ ಎಷ್ಟೇ ಸಣ್ಣದಿರಲಿ, ಹೊಲವೇ ಪಣವಾದರೆ ಲೆಕ್ಕ ಬೇರೆ. ಇದನ್ನೇ ಹೇಳಿದೆ. ಅವನು ತಲೆದೂಗಿದ, ಒಪ್ಪಿದನೋ, ಮಾಸ್ತರರಿಗೆ ಎದುರಾಡಬಾರದೆಂದೋ, ಗೊತ್ತಿಲ್ಲ.

ದೊಡ್ಡಮ್ಮ ಬುಟ್ಟಿ ಕಟ್ಟುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಪ್ರವೇಶಕ್ಕೆ ಎಷ್ಟು ಕೊಡುತ್ತೀ ಎಂದಳು. ನಾಲ್ಕು ಸಾವಿರ ಎಂದ. “ಅರ್ಧ ಕ್ವಿಂಟಲ್ ತೊಗರಿ” ಎಂದಳು. ಎಂಟು ಸಾವಿರದ ಬೆಂಬಲ ಬೆಲೆ ಅವಳಿಗೆ ಬಾಯಿಪಾಠ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು:

“ನಿಮ್ಮಜ್ಜ ಇನ್ನೂರ ಇಪ್ಪತ್ತೊಂದರಾಗ ಒಂದ ಸಲ ಸೋತಾ ಅಂದ್ರ, ಉಳದ ಇನ್ನೂರ ಇಪ್ಪತ್ತ ಸಲ ಗೆದ್ದದ್ದು ಎಲ್ಲದಪಾ? ಯಾವ ಹೊಲದಾಗದ, ತೋರಸು.”

ಹುಡುಗ ಒಡ್ಡಿನ ಆಚೆಗೆ ನೋಡಿದ. ಆ ನಾಲ್ಕು ಎಕರೆಯಲ್ಲಿ ಅವರ ಮನೆಯವರೂ ಚರಗ ಚೆಲ್ಲಿ ಉಣ್ಣಲು ಕುಳಿತಿದ್ದರು. ನಮ್ಮನ್ನು ಕಂಡು ಕೈಯೆತ್ತಿ ಊಟಕ್ಕೆ ಕರೆದರು.